ಒಳಗಿನಾಕಿ

ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ಯಾರೋ ಶೇಂಗಾ ಹುರಿಯುತ್ತಿದ್ದರು. ವಾಸನೆ ಮೂಗಿಗೆ ಬಿದ್ದದ್ದೇ ತಡ, ಕೈ ತಾನಾಗಿ ಗಂಟಲಿಗೆ ಹೋಯಿತು. ನಗಬೇಡಿ. ಶೇಂಗಾ ಹಿಂಡಿಯಿಲ್ಲದೆ ರೊಟ್ಟಿ ಮುರಿಯದ ಸೀಮೆಯಲ್ಲಿ ಹುಟ್ಟಿ, ಒಂದು ಕಾಳಿಗೆ ಹೆದರುವ ಗಂಡಸು ನಾನು. ತಿಂದರೆ ಗಂಟಲು ಊದಿ ಉಸಿರು ಕಟ್ಟುತ್ತದೆ.

ಘಾಟಬೋರಾಳದಲ್ಲಿ ನಮ್ಮ ಸೋದರತ್ತೆ ಇದ್ದಳು. ಮನೆಯ ಕೂಸುಗಳಿಗೆಲ್ಲ ಮೊದಲ ತುತ್ತು ಅವಳ ಕೈಯಿಂದಲೇ. ತಿನ್ನಿಸುವ ಮುಂಚೆ ಕೂಸಿನ ಹೊಟ್ಟೆಗೆ ಬಾಯಿ ಹಚ್ಚಿ, ಕೂಸಿಗಲ್ಲ, ಒಳಗಿನ ಇನ್ಯಾರಿಗೋ ಹೇಳುತ್ತಿದ್ದಳು: “ಏ ಒಳಗಿನಾಕಿ, ಇಕಿ ಜ್ವಾಳ. ನಮ್ಮಾಕಿ. ಗುರ್ತ ಇಟ್ಕೋ, ಜಗಳಾ ತಗಿಬ್ಯಾಡ.” ಆಮೇಲೆ ಕಿವಿ ಹಚ್ಚಿ ಕಾಯುತ್ತಿದ್ದಳು. ಗುಳುಗುಳು ಸದ್ದು ಬರುತ್ತಿತ್ತು. “ಹೂಂ ಅಂದಳು,” ಎನ್ನುತ್ತಿದ್ದಳು. ಬಾಗಿಲಲ್ಲಿ ನಿಂತ ನನಗೆ ಮೈ ಜುಮ್ಮೆನ್ನುತ್ತಿತ್ತು.

“ಅತ್ತೀ, ನನ್ನ ಒಳಗಿನಾಕಿಗೆ ಶೇಂಗಾದ ಗುರ್ತ ಯಾಕ ಹೇಳಲಿಲ್ಲ?” ಎಂದು ಒಮ್ಮೆ ಕೇಳಿದ್ದೆ.

“ಹೇಳೀನಪಾ. ಆಕಿ ಮೊದಲೇ ಸಿಟ್ಟಾಗಿ ಕುಂತಿದ್ದಳು,” ಎಂದವಳು ನನ್ನ ಮುಖ ಬಿಟ್ಟು ಹೊಟ್ಟೆಯನ್ನೇ ನೋಡಿದಳು.

ಈಗ ಬಸ್ಸು ಹಿಡಿದು ಬಸವಕಲ್ಯಾಣಕ್ಕೆ ಹೊರಟದ್ದು ಮಗಳ ಕೂಸಿಗಾಗಿ, ನನ್ನ ಮೊಮ್ಮಗಳಿಗಾಗಿ. ಚಿಕ್ಕಂದಿನಲ್ಲಿ ನನಗಾಗುತ್ತಿದ್ದಂತೆಯೇ ಅವಳಿಗೂ ಚರ್ಮ ತುರಿಸಿ ಒಡೆಯುತ್ತದೆ. ಅದಕ್ಕೇ ಪರೀಕ್ಷೆ ಮಾಡಿ, ಮೊದಲ ಶೇಂಗಾ ದವಾಖಾನೆಯಲ್ಲೇ ತಿನ್ನಿಸುವುದೆಂದು ಡಾಕ್ಟರು ಹೇಳಿದ್ದರು. ಅವಳೊಳಗೂ ಸಿಟ್ಟಿನಾಕಿ ಕುಳಿತಿದ್ದರೆ? ದಾರಿಯುದ್ದಕ್ಕೂ ಅದೊಂದೇ ಭಯ.

“ಸಣ್ಣವರಿದ್ದಾಗ ನಿಮಗ ಮೈಗಿ ಏನ್ ಎಣ್ಣಿ ಹಚ್ಚತಿದ್ರು?” ದವಾಖಾನೆಯಲ್ಲಿ ನನ್ನ ಕಥೆ ತಿಳಿದು ಡಾಕ್ಟರು ಕೇಳಿದರು.

“ಗಾಣದ ಶೇಂಗಾ ಎಣ್ಣಿರಿ. ನಮ್ಮತ್ತಿ ತಿಕ್ಕತಿದ್ದಳು.”

“ಬಾಯಿಂದ ಕರುಳಿಗಿ ಬಂದದ್ದನ್ನ ಅಲ್ಲಿ ರೋಗ ತಡಿಯೋ ಕಾವಲಿನವರು ನೋಡಿ, ನೆಂಟರು ಅಂತ ಕಲೀತಾರ್ರಿ. ಬ್ಯಾರೆ ಕಾವಲಿನವರಿಗೂ ಸುಮ್ಮಿರ್ರಿ ಅಂತಾರ. ಅದೇ ಒಡದ ಚರ್ಮದಾಗ ಹೊಕ್ಕರ, ಗ್ವಾಡಿ ಹಾರಿದ ಕಳ್ಳ ಅಂತ ಗುರ್ತ ಹಿಡೀತಾರ. ನಿಮಗ ಹಂಗ ಆಗಿರಬಹುದು. ಖಾತ್ರಿ ಹೇಳಾಕ ಬರಂಗಿಲ್ಲ.”

ಅತ್ತೆ ಹೊಟ್ಟೆಗೆ ಪರಿಚಯ ಹೇಳುವ ಮೊದಲೇ ಅವಳದೇ ಬೆರಳುಗಳು ಶೇಂಗಾವನ್ನು ಗೋಡೆ ಹಾರಿಸಿದ್ದವೇನೋ. ಅಷ್ಟು ಪ್ರೀತಿಯಿಂದ ತಿಕ್ಕುತ್ತಿದ್ದಳು, ಪಾಪ. ನಾನು ಮಲಗಿದಾಗಲೂ ಒಳಗೊಬ್ಬಳು ಎದ್ದು ಕುಳಿತು, ಅಂದು ಕಂಡ ಕಳ್ಳನ ಮುಖಕ್ಕಾಗಿ ಇಂದಿಗೂ ಕಾಯುತ್ತಿದ್ದಾಳೆ. ಈ ಮೈ ನನ್ನದೆಂದುಕೊಂಡಿದ್ದೆ.

ನೀರಾಗಿ ಕಲಸಿದ ಶೇಂಗಾ ಪುಡಿಯನ್ನು ಮಗಳು ಚಮಚದ ತುದಿಯಲ್ಲಿ ಕೂಸಿನ ನಾಲಿಗೆಗೆ ಇಟ್ಟಳು. ಕಾದೆವು. ತುಟಿ ಊದಲಿಲ್ಲ, ಮೈ ಕೆಂಪಾಗಲಿಲ್ಲ. ಮತ್ತೊಂದು ಚಮಚ, ಮತ್ತೆ ಕಾಯುವುದು. ಕೊನೆಗೆ ಡಾಕ್ಟರು ನಕ್ಕರು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಕೂಸು ಬಟ್ಟಲಿಗೆ ಕೈ ಹಾಕಿ, ಮೆತ್ತಿದ ಎರಡೂ ಅಂಗೈ ನನ್ನತ್ತ ಚಾಚಿತು.

“ಅಪ್ಪಾ, ಹಿಂದಕ ಸರೀರಿ! ಆಕಿ ಕೈಗಿ ಶೇಂಗಾ ಅದ!” ಮಗಳು ಚೀರಿದಳು.

ಕೂಸು ನಗುತ್ತ ಇನ್ನಷ್ಟು ಬಾಗಿತು. ಎತ್ತಿಕೊಳ್ಳಲು ನನ್ನ ಕೈಗಳು ಮುಂದೆ ಚಾಚಿದ್ದವು. ಕಾಲುಗಳನ್ನು ಮಾತ್ರ ಒಳಗಿನಿಂದ ಯಾರೋ ಹಿಂದಕ್ಕೆ ಎಳೆಯುತ್ತಿದ್ದರು.