ಪದ ಕಟ್ಟಿದವರು ಅನಸೂಯಮ್ಮ, ಹಳೇಕೋಟೆ

ಬೆಳಗಿನ ಆರು ಗಂಟೆ. ಹೊಳೆನರಸೀಪುರ ತಾಲ್ಲೂಕು ಹಳೇಕೋಟೆಯ ಗದ್ದೆ. ಕೆಸರಿನಲ್ಲಿ ಬಗ್ಗಿ ಪೈರು ನೆಡುತ್ತಲೇ ಅನಸೂಯಮ್ಮ ಪದ ಎತ್ತುತ್ತಾರೆ: “ಬಂದಂಗೆ ಮಾಡಿ ಓದ್ಯಲ್ಲೋ ಕರೆಂಟಣ್ಣಾ, ಉಂಡ್ಕಂಡೋಗಾಕೆ ಏನಾಗಿತ್ತೋ ಕರೆಂಟಣ್ಣಾ!” ಜೊತೆಗಿರುವ ಹನ್ನೊಂದು ಹೆಂಗಸರು ನಗುತ್ತಲೇ ಸೊಲ್ಲು ಹಿಡಿಯುತ್ತಾರೆ. ಇವತ್ತು ಅಮ್ಮನ ದನಿಗೆ ಹಿಡಿಯಲಾಗದ ಹುರುಪು. ಹತ್ತು ಗಂಟೆಗೆ ಸಿನಿಮಾದವರ ಕಾಗದಕ್ಕೆ ಸಹಿ ಹಾಕಬೇಕು.

ಅರವತ್ತು ದಾಟಿದ ಈಕೆ ನಲವತ್ತು ವರ್ಷದಿಂದ ನಾಟಿ ಗುಂಪಿನ ಮುಂದಾಳು. ದಿನಕ್ಕೆ ಒಂದೂವರೆ ಎಕರೆ ನಾಟಿ, ಇಪ್ಪತ್ತು ಪದ. ಅರ್ಧಕ್ಕರ್ಧ ಸ್ವಂತ ಕಟ್ಟಿದ್ದು. ಆದರೂ ಯಾರದೆಂದು ಕೇಳಿದರೆ “ದೊಡ್ಡೋರ್ದು”, ಅಂದರೆ ಹಿಂದಿನ ಹಿರಿಯರದು, ಎನ್ನುವುದು ಇಲ್ಲಿಯ ಪದಗಾರ್ತಿಯರ ಮರ್ಯಾದೆ. ನನ್ನದು ಅಂದರೆ ಜಂಬವಾದೀತು.

ಅದೇ ಮುಳುವಾಯಿತು. ಮೂರು ವರ್ಷದ ಹಿಂದೆ ಹಾಸನದ ಸ್ಟುಡಿಯೊ ಒಂದು ಈ ಕರೆಂಟಣ್ಣನ ಪದ ಹಾಡಿಸಿಕೊಂಡಾಗಲೂ ಅಮ್ಮ ಹಾಗೇ ಅಂದರು. ಕಾಗದದಲ್ಲಿ ‘ಜಾನಪದ’ ಎಂದಾಯಿತು. ಕಳೆದ ವರ್ಷ ಮೊಮ್ಮಗಳು ದೀಪಶ್ರೀ ಅಜ್ಜಿ ಗದ್ದೆಯಲ್ಲಿ ಅದನ್ನೇ ಹಾಡಿದ್ದನ್ನು ಜಾಲತಾಣಕ್ಕೆ ಹಾಕಿದರೆ, ಸ್ಟುಡಿಯೊದವರು ಹಾಡು ತಮ್ಮದೆಂದು ತೆಗೆಸಿಯೇಬಿಟ್ಟರು!

“ನನ್ ಗಂಟ್ಲಲ್ಲಿ ಬಂದಿದ್ದು ನಂದಲ್ವಂತೆ! ಒಟ್ಟೆ ಉರ್ದೋಯ್ತು ಕಣವ್ವಾ.”

ಹೊಳೆನರಸೀಪುರದ ವಕೀಲೆ ಶರ್ವಾಣಿ ಬಿಡಿಸಿ ಹೇಳಿದರು. ಮಾತು ಕಟ್ಟಿದವರಿಗೆ ಒಂದು ಹಕ್ಕು, ರಾಗ ಕೂಡಿಸಿದವರಿಗೆ ಒಂದು, ಹಾಡಿದವರಿಗೆ ಇನ್ನೊಂದು. ಸ್ಟುಡಿಯೊದ್ದು ತಾನು ಮಾಡಿಸಿದ ರೆಕಾರ್ಡಿಂಗ್ ಮಾತ್ರ. ಸರಿ, ಕಟ್ಟಿದ್ದು ಇವರೇ ಎನ್ನಲು ಪುರಾವೆ?

ಅಮ್ಮ ಥಟ್ಟನೆ ಕೊಟ್ಟರು: “ನಮ್ಮಜ್ಜಿ ಸತ್ತೋದ್ಮ್ಯಾಲೆ ನಮ್ಮೂರ್ಗೆ ಕರೆಂಟ್ ಬಂದಿದ್ದು. ಇಲ್ದಿರೋ ಕರೆಂಟ್ನ ದೊಡ್ಡೋರು ಎಂಗ್ ಬೈದಾರು?”

ಎಂಥ ವಾದ! ಜೊತೆ ನಾಟಿಯವರೂ ಸಾಕ್ಷಿ ನಿಂತರು. ಸ್ಟುಡಿಯೊದವರು ಒಪ್ಪಿ ಹೆಸರು ತಿದ್ದಿದರು.

ಈಗ ಅದೇ ಪದ ಸಿನಿಮಾಕ್ಕೆ ಬೇಕಂತೆ. ಹಕ್ಕನ್ನೆಲ್ಲ ಪೂರ್ತಿ ಬರೆದುಕೊಡಿ ಎಂದಿದ್ದರು. ಅಮ್ಮ ಜಗ್ಗಲಿಲ್ಲ. “ಬರ್ಕೊಟ್ಬುಟ್ರೆ ನಾಳೀಕೆ ಗದ್ದೇಲಿ ಆಡಕ್ಕೂ ಅವ್ರನ್ನೇ ಕೇಳ್ಬೇಕಾಯ್ತದೆ. ಉಳಕ್ಕೆ ಅಂತ ಎತ್ತು ಕೊಡಕಿಲ್ವಾ? ಅಂಗ್ ಕೊಡ್ತೀನಿ.” ಅಂತೂ ಕಾಗದ ಹಾಗೇ ಆಯಿತು. ಆ ಒಂದು ಸಿನಿಮಾದಲ್ಲಿ ಬಳಸಲು ಪರವಾನಗಿ, ಪದ ಅಮ್ಮನದೇ.

ಹತ್ತು ಗಂಟೆಗೆ ಶರ್ವಾಣಿ ತಮ್ಮ ಕಚೇರಿಯಲ್ಲಿ ಎಲ್ಲ ಓದಿ ಹೇಳುತ್ತಾರೆ. ಅಮ್ಮನಿಗೆ ಖುಷಿ ತಡೆಯಲಾಗದೆ ಕಣ್ಣು ತುಂಬಿದೆ. ಪೆನ್ನು ಹಿಡಿದವರು ಸಹಿಗೆ ಮೊದಲು ಶರ್ವಾಣಿಯತ್ತ ತಿರುಗುತ್ತಾರೆ.

“ಸಿನಿಮಾದಲ್ಲಿ ಎಸ್ರುಗಳು ಸರ್ರಂತ ಓಡೋಯ್ತವಲ್ಲ, ನಂದು ಬಂದಾಗ ವಸಿ ನಿಂತ್ಕಳಂಗೆ ಬರ್ಸವ್ವಾ. ನಾನು ಅಕ್ಸರ ಕೂಡ್ಸಿ ಕೂಡ್ಸಿ ಓದೋಳು.”