ಚಿಗರಿ ಬಯಲಿಗೆ ನಾವು ಕಟ್ಟಿದ ಸೀರೆಗಳು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಆಮೇಲೆ ಕಮೆಂಟಿನಲ್ಲಿ ಬೇರೆ ಯಾರನ್ನೂ ಬೈಯಬೇಡಿ.

ನಾನು ಬ್ಯಾಡಗಿಯವಳು. ಹಗಲೆಲ್ಲ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ, ಬಿಡುವಾದಾಗ ಮೊಬೈಲ್ ಹಿಡಿದು ಈ ಪೇಜಿನಲ್ಲಿ ಹರಟೆ. ನನ್ನ ತವರು ರಾಣೆಬೆನ್ನೂರಿನ ಆಚೆ, ಚಿಗರಿಗಳ ಅಭಯಾರಣ್ಯದ ಅಂಚಿನಲ್ಲಿದೆ. ಪುಸ್ತಕದವರು ಕೃಷ್ಣಮೃಗ ಅನ್ನುತ್ತಾರಲ್ಲ, ಅದೇ ಚಿಗರಿ. ಅಣ್ಣ ಲಾರಿ ಓಡಿಸುತ್ತಾನೆ, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹೊಲವೆಲ್ಲ ಅವನ ಹೆಂಡತಿಯ, ಅಂದರೆ ನಮ್ಮ ವೈನಿಯ ಕೈಯಲ್ಲೇ.

ಊರಿಗೂ ಕಾಡಿಗೂ ನಡುವೆ ಒಂದು ಹುಲ್ಲಿನ ಬಯಲು ಇದೆ. ಹೋದ ವರ್ಷ ಮಳೆಗಾಲದಲ್ಲಿ ಅದು ನನ್ನ ಕಣ್ಣಿಗೆ ಬೋಳಾಗಿ ಕಂಡಿತು. ‘ಬನ್ನಿ, ಇದಕ್ಕೆ ಹಸಿರು ಉಡಿಸೋಣ’ ಎಂದು ವಿಡಿಯೊ ಹಾಕಿದೆ. ಜನ ಬಂದರು. ಬೇವು, ಹೊಂಗೆಯ ಸಸಿ ನೆಟ್ಟೆವು. ಆಡು ಮೇಯಬಾರದೆಂದು ಸುತ್ತಲೂ ಗೂಟ ನೆಟ್ಟು ಹಳೆಯ ಸೀರೆ ಕಟ್ಟಿದೆವು. ಬ್ಯಾಡಗಿಯಿಂದ ಗಂಟುಗಟ್ಟಲೆ ಸೀರೆ ತಂದಿದ್ದೆ. ಸಾಲದೆ ಬಂದಾಗ ವೈನಿಯ ಹೊಲದ ಬೇಲಿಗೆ ಕಟ್ಟಿದ್ದನ್ನೂ ಬಿಚ್ಚಿ ಒಯ್ದೆ. ಗಾಳಿಗೆ ಕೆಂಪು, ಹಳದಿ, ನೀಲಿ ಪಟಪಟ ಹಾರುತ್ತಿತ್ತು. ವಿಡಿಯೊ ಭಾರಿ ಓಡಿತು. ಊರವರು ನನಗೆ ಹಾರ ಹಾಕಿದರು.

ನಮ್ಮ ಕಡೆ ಹೊಲಕ್ಕೆ ಸೀರೆ ಕಟ್ಟುವುದು ಯಾಕೆ? ಚಿಗರಿ, ಹಂದಿ ಒಳಗೆ ಬರಬಾರದೆಂದು. ಸೀರೆ ಹಾರಿದಲ್ಲಿ ಕಾಲಿಡಬಾರದೆಂದು ಚಿಗರಿಗಳಿಗೆ ನಾವೇ ಕಲಿಸಿದ್ದೇವೆ. ಅಂಥ ಸೀರೆಯನ್ನು ಅವು ಮಲಗುವ, ಮೇಯುವ ಬಯಲಿಗೇ ಕಟ್ಟಿ ಬಂದೆವು. ಅಷ್ಟು ಮಂದಿ ಇದ್ದೆವು, ಒಬ್ಬರಿಗೂ ಹೊಳೆಯಲಿಲ್ಲ.

ಈ ವರ್ಷ ವೈನಿ ಶೇಂಗಾ ಬಿತ್ತಿದಳು. ಮೊಳಕೆ ನಾಲ್ಕೆಲೆ ಒಡೆಯುವ ಹೊತ್ತಿಗೆ ಬೆಳಬೆಳಿಗ್ಗೆ ಫೋನು.

“ಲಗೂ ಬಾ. ನಿನ್ನ ಫಾಲೋವರ್ಸನ್ನೂ ಕರಕೊಂಡ ಬಾ. ಹೊಲಾ ಕಾಯಾಕ ಮಂದಿ ಬೇಕಾಗ್ಯಾರ.”

“ಯಾಕ ವೈನಿ, ಏನಾತು?”

“ಏನಾಗೂದೈತಿ? ನೀ ಅವುಗಳ ಮನಿಗೆ ಬೇಲಿ ಹಾಕಿ ಹೋದಿ. ಅವು ನನ್ನ ಮನಿಗೆ ಬಂದಾವು.”

ಹೋಗಿ ನೋಡಿದೆ. ಚಿಗರಿ ಮೇದು ಅರ್ಧ ಹೊಲ ಬರೀ ಮಣ್ಣು. ವೈನಿಯ ಹತ್ತಿರ ಇನ್ನೊಮ್ಮೆ ಬಿತ್ತುವಷ್ಟು ಬೀಜ ಮಾತ್ರ ಉಳಿದಿತ್ತು. ಅದನ್ನೂ ತಿಂದರೆ ಈ ವರ್ಷ ಶೇಂಗಾ ಇಲ್ಲ.

ಅದೇ ವಾರ ಊರ ಶಾಲೆಯಲ್ಲಿ ಸಭೆ. ಅಭಯಾರಣ್ಯಕ್ಕೆ ಮುಂದಿನ ವರ್ಷಗಳಲ್ಲಿ ಏನು ಗುರಿ ಇಟ್ಟುಕೊಳ್ಳಬೇಕೆಂದು ಸುತ್ತಲಿನ ಊರವರನ್ನು ಕೇಳಲು ಅರಣ್ಯದ ಸಾಹೇಬರು ಬಂದಿದ್ದರು. ಚರ್ಚೆಗೆಂದು ಬೋರ್ಡಿನ ಮೇಲೆ ಎರಡು ಸಾಲು ಬರೆದಿದ್ದರು. ಚಿಗರಿಗಳ ಸಂಖ್ಯೆ ಹೆಚ್ಚಬೇಕು. ಸುತ್ತಲೂ ಗಿಡ ಹೆಚ್ಚಬೇಕು. ಎರಡನೆಯದನ್ನು ಓದಿ ಊರವರೆಲ್ಲ ನನ್ನ ಕಡೆ ತಿರುಗಿ ಚಪ್ಪಾಳೆ ಹೊಡೆದರು. ನಾನು ಎದ್ದು ನಿಂತೆ.

“ಸರ, ಆ ಎರಡನೇದು ಅಳಸ್ರಿ. ಚಿಗರಿಗೆ ದೂರ ಕಾಣೂ ಬಯಲು ಬೇಕು. ನಾ ಗಿಡಾ ಹಚ್ಚಿ, ಸೀರಿ ಕಟ್ಟಿ ಅದನ್ನ ಕೆಡಿಸೇನಿ.”

ಮುಂದೆ ಕೂತಿದ್ದ ಹಿರಿಯರೊಬ್ಬರು ನಕ್ಕರು. “ಹೋದ ವರ್ಷ ಹಾರಾ ಹಾಕಿಸ್ಕೊಂಡಿ, ಈ ವರ್ಷ ಗಿಡಾನ ಬ್ಯಾಡ ಅಂತೀಯಲ್ಲವಾ!”

“ಹೌದ್ರಿ ಕಾಕಾ. ಹಾರಾ ನನಗ ಬಿತ್ತು, ಹಾನಿ ನಮ್ಮ ವೈನಿಗೆ ಆತು.”

ಸಾಹೇಬರು ನಗಲಿಲ್ಲ. “ಆಯ್ತು, ಬಯಲನ್ನ ಬಯಲಾಗೇ ಉಳಿಸೋದು ಅಂತ ಬರೀತೀನಿ. ಆದ್ರೆ ಗುರಿ ಮುಟ್ಟಿದ್ದು ಗೊತ್ತಾಗೋದು ಹೇಗೆ? ಚಿಗರಿಯಾದ್ರೆ ಎಣಿಸಬಹುದು” ಎಂದರು.

ಹಿಂದಿನ ಸಾಲಿನಿಂದ ವೈನಿ ಎದ್ದಳು. “ಬರೇ ತಲಿ ಎಣಿಸಬ್ಯಾಡ್ರಿ ಸಾಹೇಬ್ರ. ನನ್ನ ಶೇಂಗಾ ತಿಂದು ಮರಿ ಹಾಕಿದ್ರೂ ತಲಿ ಹೆಚ್ಚಾಗ್ತಾವು. ಮುಂಜಾನೆ ಎಲ್ಲಿ ನಿಂತಾವ ನೋಡ್ರಿ. ಬಯಲಾಗ ನಿಂತಿದ್ರ ನೀವು ಪಾಸು. ಹೊಲದಾಗ ನಿಂತಿದ್ರ ನಪಾಸು.”

ಸಾಹೇಬರು ಅವಳಿಂದ ಇನ್ನೊಮ್ಮೆ ಹೇಳಿಸಿ ಬರೆದುಕೊಂಡರು. ದಿನಾ ನೋಡಿ ಬರೆಯಲು ವೈನಿ ಒಪ್ಪಿದಳು. ಭಾನುವಾರದ್ದು ನಾನು ಬರೆಯುತ್ತೇನೆ ಎಂದೆ.

ಮರುದಿನವೇ ಸೀರೆ ಬಿಚ್ಚಲು ಶುರು ಮಾಡಿದೆವು. ಮೊದಲ ಗಂಟು ವೈನಿಯ ಬೇಲಿಗೆ ಮರಳಿತು. ಸಸಿಗಳನ್ನು ಬೇರುಮಣ್ಣಿನ ಸಮೇತ ಕಿತ್ತು ಶಾಲೆಯ ಆವರಣಕ್ಕೂ ಹೊಲದ ಬದುಗಳಿಗೂ ಒಯ್ದೆವು. ಕೆಲವು ಸತ್ತವು. ಅದನ್ನೂ ವಿಡಿಯೊ ಮಾಡಿ ಹಾಕಿದೆ. ಗಿಡ ಕೊಂದವಳು ಎಂದು ಬೈದರು, ನೂರಾರು ಜನ ಪೇಜು ಬಿಟ್ಟು ಹೋದರು. ವಿಡಿಯೊ ತೆಗೆದಿಲ್ಲ, ತೆಗೆಯುವುದೂ ಇಲ್ಲ.

ಶನಿವಾರ ಸಂಜೆ ಬಸ್ಸು ಹಿಡಿದು ವೈನಿಯ ಮನೆಗೆ ಹೋಗುತ್ತೇನೆ, ಭಾನುವಾರ ನಸುಕಿನಲ್ಲಿ ಇಬ್ಬರೂ ಬದುವಿನ ಮೇಲೆ. ಮೊದಲ ಭಾನುವಾರ ಬಯಲು ಖಾಲಿ, ಹಿಂಡೆಲ್ಲ ಹೊಲದ ಅಂಚಿನಲ್ಲಿ. ತಟ್ಟೆ ಬಡಿದು ಓಡಿಸಿದೆವು. ಎರಡನೆಯ ಭಾನುವಾರವೂ ಹಾಗೇ. ಅಷ್ಟರಲ್ಲಿ ವೈನಿ ಉಳಿದ ಬೀಜ ಬಿತ್ತಿಯಾಗಿತ್ತು. “ಕಾಯೂದು ನಂದು, ಬಿತ್ತೂದಂತೂ ಬಿಡಂಗಿಲ್ಲ” ಎಂದಳು.

ಮೂರನೆಯ ಭಾನುವಾರ ಬಯಲಿನಲ್ಲಿ ಐದು ನಿಂತಿದ್ದವು. ಒಂದು ಕರಿ ಗಂಡು, ನಾಲ್ಕು ಹೆಣ್ಣು. ಉಳಿದವು ಇನ್ನೂ ನಮ್ಮ ಕಡೆಯೇ. ನಾನು ಪೆನ್ನು ತೆಗೆದೆ.

“ವೈನಿ, ಆ ಪೊದಿ ಹಿಂದ ಇನ್ನೊಂದೈತೇನು?”

“ಐದು ಅಂತ ಬರಿ. ಚಂದ ಕಾಣ್ಲಿ ಅಂತ ಆರು ಬರೀಬ್ಯಾಡ.”

ಐದು ಎಂದು ಬರೆದೆ. ಅವಳು ಆಗಲೇ ತಟ್ಟೆ ಎತ್ತಿಕೊಂಡು ಶೇಂಗಾ ಸಾಲಿನ ಕಡೆ ಹೊರಟಿದ್ದಳು.