ಅಕ್ಕಯಮ್ಮನ ಬಿಡ್ತು

ದೊಮ್ಮಲೂರಿನ ಹಳೆಯ ಬೀದಿಯಲ್ಲಿ ಅಕ್ಕಯಮ್ಮನಿಂದ ಬೈಸಿಕೊಳ್ಳದವರಿಲ್ಲ. ಕೆರೆಬಯಲಲ್ಲಿ ಬೆಳೆದ ಸೊಪ್ಪನ್ನು ಶಿವಾಜಿನಗರಕ್ಕೆ ಹೊತ್ತು ಮಾರುತ್ತಿದ್ದ ಕಾಲದಲ್ಲಿ ಪಳಗಿದ ಬಾಯಿ ಅದು. ಬೈಗುಳ ಕನ್ನಡದಲ್ಲಿ ಶುರುವಾಗಿ, ತಮಿಳಿಗೆ ಹೊರಳಿ, ದಖನಿ ಉರ್ದುವಿನಲ್ಲಿ ಮುಗಿಯುತ್ತಿತ್ತು. ಸೊಪ್ಪಿನ ಮಡಿಗಳ ಜಾಗದಲ್ಲಿ ಬಾಡಿಗೆ ಮನೆಗಳೆದ್ದವು, ಬಾಯಿ ಮಾತ್ರ ಹಾಗೇ ಉಳಿಯಿತು. ಆದರೆ ಬೈದ ಮರುಕ್ಷಣವೇ ತುಟಿಗೆ ಬೆರಳಿಟ್ಟು "ಬಿಡ್ತು, ಬಿಡ್ತು" ಎಂದು ಆಡಿದ ಕೆಟ್ಟ ಮಾತನ್ನು ಹಿಂದಕ್ಕೆ ಪಡೆಯುವಳು. ಅದರಲ್ಲೂ ಅವಳದೊಂದು ಕಟ್ಟಳೆ: ಶಾಪ ಕೇಳಿದ ಕಿವಿಗೇ ಬಿಡ್ತು ಕೇಳಿಸಬೇಕು. ಇಲ್ಲದಿದ್ದರೆ ಆ ಮಾತು ಹೊಸ್ತಿಲಲ್ಲೇ ಕಾದು ಕೂರುತ್ತದೆ.

ಆ ಭಾನುವಾರ ಬೆಳಿಗ್ಗೆ ಕಟ್ಟಳೆ ತಪ್ಪಿತು. ಎಲೆಅಡಿಕೆ ಚೀಲ ಕೊಡೆಂದರೆ, ಸಂಜೆಯ ನಾಟಕದ ಮಾತುಗಳನ್ನು ಉರು ಹೊಡೆಯುತ್ತಿದ್ದ ಮೊಮ್ಮಗಳು ಶ್ವೇತ, "ಕಾಣಿಸ್ತಿಲ್ಲ ಅಜ್ಜಿ" ಎಂದಳು. ಚೀಲ ಅವಳ ಮೂಗಿನೆದುರೇ ಮೊಳೆಯಲ್ಲಿ ತೂಗುತ್ತಿತ್ತು.

"ನಿನ್ ಕಣ್ಣು ಇಂಗ್ಹೋಗ!"

"ಇವತ್ತೂ ಬೈಬೇಕಾ?" ಶ್ವೇತಳ ದನಿ ಒಡೆಯಿತು. ಅಜ್ಜಿ ಬೆರಳನ್ನು ತುಟಿಗೊಯ್ಯುವಷ್ಟರಲ್ಲಿ ಹುಡುಗಿ ಮೆಟ್ಟಿಲಿಳಿದು ಆಟೋ ಹತ್ತಿಯಾಗಿತ್ತು. ಫೋನೂ ಎತ್ತಲಿಲ್ಲ.

ದಿನವಿಡೀ ಅಕ್ಕಯಮ್ಮ ಹೊಸ್ತಿಲ ಬಳಿಯೇ ಕೂತು ಕಾದಳು. ಸಂಜೆ ಮಗ ವಸಂತನ ಸ್ಕೂಟರಿನಲ್ಲಿ ಇಂದಿರಾನಗರದ ಪುಟ್ಟ ರಂಗಮಂದಿರ ಮುಟ್ಟಿದಾಗ, ಆಟಕ್ಕೆ ಮೊದಲು ಬಣ್ಣದ ಕೋಣೆಯೊಳಗೆ ಬಿಡುವುದಿಲ್ಲವೆಂದರು. ಮುಂದಿನ ಸಾಲಿನಲ್ಲೇ ಕೂತಳು.

ನಾಟಕ ಫಿಲಿಪೈನ್ಸ್ ದೇಶದ ಅಜ್ಜಿಕತೆ, ಆಡುವುದು ಕನ್ನಡದಲ್ಲಿ. ಜ್ವರದ ತಾಯಿ ಚಾಪೆಯ ಮೇಲೆ ಮಲಗಿದ್ದಾಳೆ. ತಾಯಿಯಾಗಿರುವವಳು ಪ್ರಿಯದರ್ಶಿನಿ, ಮನೆಗೆ ಬಂದು ಮುದ್ದೆ ಉಂಡು ಹೋದವಳೇ. ಮಗಳು ಶ್ವೇತ. ಗಂಜಿ ಕಾಯಿಸೆಂದರೆ ಅವಳಿಗೆ ಸೌಟು ಕಾಣಿಸದು. ಇಲ್ಲೂ ಇಲ್ಲ, ಅಲ್ಲೂ ಇಲ್ಲ. ತಾಯಿ ರೇಗಿ ಎದ್ದು ಕೂತಳು: "ಮೈತುಂಬ ಕಣ್ಣು ಮೂಡಲಿ ನಿನಗೆ! ಆಗಲಾದರೂ ಕಾಣಿಸೀತು!"

ದೀಪ ಮಂಕಾಯಿತು. ಶ್ವೇತ ಬಿದಿರ ತಟ್ಟಿಯ ಹಿಂದೆ ಮಾಯವಾದಳು.

"ಬಿಡ್ತು ಅನ್ನೇ!" ಅಕ್ಕಯಮ್ಮ ಎದ್ದು ನಿಂತಿದ್ದಳು. "ಪ್ರಿಯಾ, ಬೇಗ ಅನ್ನೇ, ಮಗು ಇನ್ನೂ ಅಲ್ಲೇ ಐತೆ!"

ಪ್ರಿಯದರ್ಶಿನಿ ತಟ್ಟಿಯ ಕಡೆ ತಿರುಗಿ ನೋಡಿದಳು.

"ಅಮ್ಮಾ, ನಾಟಕ ಅದು," ವಸಂತ ಸೆರಗು ಜಗ್ಗಿದ. "ಮಾನ ತೆಗೀಬೇಡ, ಕೂತ್ಕೊ."

"ನಾಟ್ಕ ಆದ್ರೆ ಬಾಯಿಂದ ಬಂದಿದ್ದು ಮಾತಲ್ವೇನೋ?" ಅವನ ಕೈ ಕೊಡವಿ, ತುಟಿಗೆ ಬೆರಳಿಟ್ಟು, ತಟ್ಟಿಯ ಕಡೆ ತಿರುಗಿದಳು. ಸೊಪ್ಪು ಮಾರುತ್ತಿದ್ದಾಗಿನ ಗಂಟಲು. "ಬಿಡ್ತು ಕಣೇ ಶ್ವೇತ! ಇವಳು ಅಂದಿದ್ದೂ ಬಿಡ್ತು, ಬೆಳಿಗ್ಗೆ ನಾನ್ ಅಂದಿದ್ದೂ ಬಿಡ್ತು!"

ತಟ್ಟಿಯ ಹಿಂದೆ ಏನೋ ಸರಸರ ಎಂದಿತು.

"ಕೇಳಿಸ್ತು ಅಜ್ಜೀ! ಕೂತ್ಕೋ, ನಾನಿನ್ನೂ ಹಣ್ಣಾಗ್ಬೇಕು!"

ಮಂದಿರವೆಲ್ಲ ನಕ್ಕಿತು. ಪ್ರಿಯದರ್ಶಿನಿಯೂ ಜ್ವರ ಮರೆತು ನಕ್ಕಳು. ಆ ನಗು ಇಳಿಯುವ ಹೊತ್ತಿಗೆ, ತಲೆಯ ಮೇಲೆ ಹಸಿರು ಗರಿಗಳು, ಮೈತುಂಬ ಕಪ್ಪು ಕಣ್ಣುಗಳ ಅನಾನಸ್ ಹಣ್ಣಾಗಿ ಶ್ವೇತ ತಟ್ಟಿಯ ಹಿಂದಿನಿಂದ ಎದ್ದು ಬಂದಳು. ಅವಳ ನಿಜವಾದ ಎರಡು ಕಣ್ಣುಗಳು ಮುಂದಿನ ಸಾಲನ್ನೇ ಹುಡುಕುತ್ತಿದ್ದವು.

ಅಕ್ಕಯಮ್ಮ ಕೂತಲ್ಲಿಂದಲೇ ಎರಡೂ ಕೈ ಚಾಚಿ, ಕೆನ್ನೆಗೊತ್ತಿ ಲಟಲಟ ನೆಟಿಗೆ ಮುರಿದಳು. ಆಮೇಲೆ ಮಗನ ಕಿವಿಯ ಬಳಿ ಬಾಗಿ ಪಿಸುಗುಟ್ಟಿದಳು:

"ದೃಷ್ಟಿ ತೆಗೀಬೇಕು. ಮನೇಲಿ ಒಣಮೆಣಸಿನಕಾಯಿ ಐತೇನೋ?"